ಮುಂದಿನ ಬಸುರಿಗೆ ಮೊದಲು ಹಳೆಯ ಫೈಲನ್ನು ಓದಿಸಿಕೊಳ್ಳಿ: ಒಂದು ಸಮಾಲೋಚನಾ ಸೇವೆಯ ವಿಮರ್ಶೆ

ಮೊದಲ ಹೆರಿಗೆಯಲ್ಲಿ ಜೀವಕ್ಕೇ ಅಪಾಯ ಎದುರಾಗಿದ್ದ ಹೆಣ್ಣುಮಗಳು ಇನ್ನೊಂದು ಮಗುವಿನ ಬಗ್ಗೆ ಯೋಚಿಸುವಾಗ, ಬಸುರಾಗುವುದಕ್ಕೆ ಮೊದಲೇ ಹೋಗಿ ಕುಳಿತು ಮಾತನಾಡಬಹುದಾದ ಜಾಗ ನಮ್ಮಲ್ಲಿ ತೀರಾ ಕಡಿಮೆ. ಮಕ್ಕಳಾಗದವರ ಚಿಕಿತ್ಸೆಗೆ ಊರೂರಲ್ಲೂ ಬೋರ್ಡುಗಳಿವೆ, ಬಸುರಾದ ಮೇಲಿನ ತಪಾಸಣೆಗೂ ವ್ಯವಸ್ಥೆ ಇದೆ. ಇವೆರಡರ ನಡುವೆ ನಿಂತು ಹೆದರುತ್ತಿರುವವರನ್ನು ಕೇಳುವವರಿಲ್ಲ. ಮೈಸೂರಿನ ಒಂದು ಬೋಧನಾ ಆಸ್ಪತ್ರೆಯ ಸ್ತ್ರೀರೋಗ ವಿಭಾಗ ವಾರಕ್ಕೊಮ್ಮೆ ಇಂಥವರಿಗಾಗಿಯೇ ಸಮಾಲೋಚನೆ ನಡೆಸುತ್ತದೆ. ನಾನು ನನ್ನ ಪತಿ ಮತ್ತು ಅತ್ತೆಯವರೊಂದಿಗೆ ಅಲ್ಲಿಗೆ ಹೋಗಿ ಬಂದಿದ್ದೇನೆ. ಆಸ್ಪತ್ರೆಯ ಹೆಸರನ್ನು ಬರೆಯುತ್ತಿಲ್ಲ. ದೊಡ್ಡ ಆಸ್ಪತ್ರೆಗಳ ಸ್ತ್ರೀರೋಗ ವಿಭಾಗಗಳಲ್ಲಿ ಕೇಳಿದರೆ ಇಂಥ ಸಮಾಲೋಚನೆ ಬೇರೆ ಕಡೆಯೂ ಸಿಗಬಹುದು, ಅಲ್ಲಿ ಏನನ್ನು ಕೇಳಿ ಪಡೆಯಬೇಕು ಎಂಬುದನ್ನು ತಿಳಿಸುವುದೇ ಈ ಬರಹದ ಉದ್ದೇಶ.

ನನ್ನ ಹಿನ್ನೆಲೆಯನ್ನು ಚಿಕ್ಕದಾಗಿ ಹೇಳುತ್ತೇನೆ. 35ನೆಯ ವಾರದಲ್ಲಿ ರಕ್ತದೊತ್ತಡ ಏಕಾಏಕಿ ಏರಿ, ಮೂತ್ರದಲ್ಲಿ ಪ್ರೋಟೀನ್ ಹೋಗಲು ಶುರುವಾಗಿ, ಫಿಟ್ಸ್ ಬಾರದಂತೆ ಮೆಗ್ನೀಸಿಯಂ ಸಲ್ಫೇಟ್ ಕೊಟ್ಟು ತುರ್ತಾಗಿ ಸಿಸೇರಿಯನ್ ಮಾಡಿದರು. ಆಮೇಲೆ ರಕ್ತಸ್ರಾವ ನಿಲ್ಲದೆ ರಕ್ತ ಏರಿಸಬೇಕಾಯಿತು. ಮಗಳು ಕೆಲವು ದಿನ ನವಜಾತ ಶಿಶುಗಳ ಐಸಿಯುನಲ್ಲಿದ್ದಳು. ಈಗ ಅವಳಿಗೆ ಮೂರು ವರ್ಷ ದಾಟಿದೆ, ಚೆನ್ನಾಗಿದ್ದಾಳೆ. ಆದರೆ ಅಂದು ನಡೆದದ್ದೇನು, ಏಕೆ ನಡೆಯಿತು ಎಂದು ಯಾರೂ ಕೂರಿಸಿಕೊಂಡು ಹೇಳಿರಲಿಲ್ಲ. ಬಾಣಂತನಕ್ಕೆ ಬಂದವರೆಲ್ಲ ಒಂದೊಂದು ಕಾರಣ ಕೊಟ್ಟರು: ಏಳು ತಿಂಗಳವರೆಗೆ ಕೆಲಸಕ್ಕೆ ಹೋದದ್ದು, ಬಿಸಿಲಲ್ಲಿ ಓಡಾಡಿದ್ದು, ಸರಿಯಾಗಿ ಉಣ್ಣದೇ ಇದ್ದದ್ದು. ಇಂಥ ಮಾತು ಹೊತ್ತುಕೊಂಡೇ ನಮ್ಮಲ್ಲಿ ಎಷ್ಟೋ ಹೆಂಗಸರು ಎರಡನೆಯ ಬಸುರಿಗೆ ಕಾಲಿಡುತ್ತಾರೆ.

ಈ ಸಮಾಲೋಚನೆಯ ದೊಡ್ಡ ಗುಣವೆಂದರೆ ಅದು ಹಳೆಯ ಫೈಲಿನಿಂದ ಶುರುವಾಗುತ್ತದೆ. ಫೋನಿನಲ್ಲಿ ಸಮಯ ಗೊತ್ತುಮಾಡುವಾಗಲೇ ಡಿಸ್ಚಾರ್ಜ್ ಸಮ್ಮರಿ ಸಾಲದು, ಶಸ್ತ್ರಚಿಕಿತ್ಸೆಯ ಟಿಪ್ಪಣಿ ಬೇಕು, ರಕ್ತ ಏರಿಸಿದ ದಾಖಲೆ ಬೇಕು, ಮಗುವಿನ ಐಸಿಯು ಕಾಗದಗಳೂ ಬೇಕು ಎಂದು ಹೇಳುತ್ತಾರೆ. ಹೆರಿಗೆಯಾದ ಆಸ್ಪತ್ರೆಯವರು ನನ್ನ ಕೈಗೆ ಕೊಟ್ಟಿದ್ದು ಒಂದು ಹಾಳೆಯ ಸಮ್ಮರಿ ಮಾತ್ರ, ಉಳಿದದ್ದನ್ನು ಕೇಳಿದಾಗ ಮೊದಲು ಒಪ್ಪಲಿಲ್ಲ. ಈ ವಿಷಯದಲ್ಲಿ ನಿಯಮ ಸ್ಪಷ್ಟವಾಗಿದೆ: ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆಯ ನಿಯಮಾವಳಿಯ ಪ್ರಕಾರ ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕು, ರೋಗಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆದ ಮೇಲೆ ನನಗೂ ಪ್ರತಿಗಳು ಸಿಕ್ಕವು. ಮೂರು ವರ್ಷ ಬೇಗ ಕಳೆದುಹೋಗುತ್ತದೆ. ಎರಡನೆಯ ಮಗು ಬೇಕೋ ಬೇಡವೋ ಎಂದು ತೀರ್ಮಾನವಾಗುವ ಮೊದಲೇ ದಾಖಲೆಗಳನ್ನು ಮನೆಗೆ ತಂದಿಟ್ಟುಕೊಳ್ಳುವುದು ಒಳ್ಳೆಯದು.

ವೈದ್ಯೆ ಆ ಕಾಗದಗಳನ್ನು ನಮ್ಮೆದುರೇ ಪುಟಪುಟವಾಗಿ ಓದಿದರು. ಶಸ್ತ್ರಚಿಕಿತ್ಸೆಯ ಟಿಪ್ಪಣಿಯಲ್ಲಿ ಒಂದು ಸಾಲಿನ ಮೇಲೆ ಬೆರಳಿಟ್ಟು, ಗರ್ಭಕೋಶದ ಮೇಲೆ ಹಾಕಿದ ಅಡ್ಡಗಾಯ ಮಗುವನ್ನು ತೆಗೆಯುವಾಗ ಎಡಗಡೆಗೆ ಸ್ವಲ್ಪ ಹರಿದಿದೆ, ಅದನ್ನು ಹೊಲಿದಿದ್ದಾರೆ, ಅದರ ಜೊತೆಗೆ ಗರ್ಭಕೋಶ ಬಿಗಿಯಾಗುವುದು ತಡವಾಗಿದೆ, ರಕ್ತ ಹೋದದ್ದು ಈ ಎರಡು ಕಾರಣಕ್ಕೆ ಎಂದರು. ಆಮೇಲೆ ಒಂದು ಬಿಳಿ ಹಾಳೆ ತೆಗೆದುಕೊಂಡು ಗರ್ಭಕೋಶದ ಚಿತ್ರ ಬರೆದು, ಗಾಯ ಎಲ್ಲಿತ್ತು, ಎಲ್ಲಿಯವರೆಗೆ ಹರಿಯಿತು ಎಂದು ನೀಲಿ ಪೆನ್ನಿನಿಂದ ಗೆರೆ ಎಳೆದು ತೋರಿಸಿದರು. ನನ್ನ ಪತಿ ಆ ಹಾಳೆಯನ್ನು ಕೇಳಿ ತೆಗೆದುಕೊಂಡರು. ಬಿಸಿಲಿಗೂ ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ ಎಂಬ ಮಾತನ್ನು ವೈದ್ಯೆ ಅತ್ತೆಯವರ ಕಡೆ ತಿರುಗಿ, ಗೌರವದಿಂದಲೇ, ಎರಡು ಸಲ ಹೇಳಿದರು. ಆ ದಿನದ ಶುಲ್ಕ ಆ ಒಂದು ಮಾತಿಗೇ ಸಂದಾಯವಾಯಿತು ಎನ್ನಬಲ್ಲೆ.

ಸಂಖ್ಯೆಗಳನ್ನು ಹೇಳುವ ರೀತಿಯೂ ಮೆಚ್ಚುವಂಥದ್ದು. ಮತ್ತೆ ಬಿಪಿ ಏರಿ ಹಾಗೇ ಆಗುತ್ತದೆಯೇ ಎಂಬ ಪ್ರಶ್ನೆಗೆ ನಾನು ಎಲ್ಲೆಡೆ ಕೇಳಿದ್ದು ಎರಡೇ ಉತ್ತರ: ಒಂದು, ದೇವರ ಮೇಲೆ ಭಾರ ಹಾಕಿ, ಇನ್ನೊಂದು, ಒಂದೇ ಮಗು ಸಾಕು. ಇಲ್ಲಿ ಸಿಕ್ಕ ಉತ್ತರ ಬೇರೆ. ಹಿಂದಿನ ಸಲ ಪ್ರೀಎಕ್ಲಾಂಪ್ಸಿಯದಿಂದಾಗಿ, ಅಂದರೆ ನನಗಾದಂತೆ ಬಸುರಿನಲ್ಲಿ ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗುವ ತೊಂದರೆಯಿಂದಾಗಿ, 34ರಿಂದ 37 ವಾರಗಳ ನಡುವೆ ಹೆರಿಗೆ ಮಾಡಿಸಬೇಕಾಗಿ ಬಂದಿದ್ದರೆ ಅದು ಮರುಕಳಿಸುವ ಸಾಧ್ಯತೆ ಸುಮಾರು ಶೇ. 23, 28ರಿಂದ 34 ವಾರಗಳ ನಡುವೆ ಆಗಿದ್ದರೆ ಸುಮಾರು ಶೇ. 33. ಅಂದರೆ ನನ್ನಂಥ ನಾಲ್ವರಲ್ಲಿ ಹೆಚ್ಚುಕಡಿಮೆ ಮೂವರಿಗೆ ಅದು ಮತ್ತೆ ಬರುವುದಿಲ್ಲ, ಒಬ್ಬರಿಗೆ ಬರುತ್ತದೆ. ಆ ಒಬ್ಬರು ಯಾರೆಂದು ಮೊದಲೇ ಹೇಳಲಾಗದ ಕಾರಣ ನಾಲ್ವರಿಗೂ ಎಚ್ಚರಿಕೆ ಒಂದೇ. ಎಚ್ಚರಿಕೆ ಎಂದರೆ ಕಡಿಮೆ ಪ್ರಮಾಣದ ಆಸ್ಪಿರಿನ್, ಕ್ಯಾಲ್ಸಿಯಂ ಮತ್ತು ಬಿಪಿಯ ಮೇಲೆ ಹತ್ತಿರದ ನಿಗಾ. ಆಸ್ಪಿರಿನ್ನನ್ನು 12 ವಾರಗಳ ಸುಮಾರಿಗೆ, 16 ವಾರ ತುಂಬುವುದರೊಳಗೆ ಶುರುಮಾಡಬೇಕು, ವೈದ್ಯರು ಗೊತ್ತುಮಾಡಿದಂತೆ 75ರಿಂದ 150 ಮಿಲಿಗ್ರಾಂವರೆಗೆ. 2017ರಲ್ಲಿ ಪ್ರಕಟವಾದ ಆಸ್ಪ್ರೆ ಎಂಬ ದೊಡ್ಡ ಅಧ್ಯಯನದಲ್ಲಿ, ಹೆಚ್ಚು ಅಪಾಯವಿರುವವರೆಂದು ಗುರುತಿಸಲಾದ ಬಸುರಿಯರು ರಾತ್ರಿ 150 ಮಿಲಿಗ್ರಾಂ ತೆಗೆದುಕೊಂಡಾಗ, 37 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾಗುವಂಥ ಪ್ರೀಎಕ್ಲಾಂಪ್ಸಿಯ ಶೇ. 62ರಷ್ಟು ಕಡಿಮೆಯಾಗಿತ್ತು. ನಮ್ಮಲ್ಲಿ ಬಹಳಷ್ಟು ಬಸುರಿಯರು ತಜ್ಞರ ಬಳಿ ಮೊದಲು ಹೋಗುವುದೇ ನಾಲ್ಕನೆಯ ತಿಂಗಳ ಆಚೆಗೆ. ಅಷ್ಟರಲ್ಲಿ ಈ ಮಾತ್ರೆಯ ಸಮಯ ಮೀರುತ್ತಿರುತ್ತದೆ. ಬಸುರಿಗೆ ಮೊದಲೇ ಮಾತನಾಡಬೇಕು ಎನ್ನುವುದಕ್ಕೆ ಇದಕ್ಕಿಂತ ನೇರವಾದ ಕಾರಣ ನನಗೆ ಕಾಣುವುದಿಲ್ಲ.

ಹೆರಿಗೆಯ ನಂತರವೂ ಬಿಪಿ ಇಳಿಯದೆ ಮಾತ್ರೆ ಮುಂದುವರಿದಿರುವವರಿಗೆ ಇನ್ನೊಂದು ವಿಷಯವಿದೆ. ಟೆಲ್ಮಿಸಾರ್ಟಾನ್, ಎನಾಲಪ್ರಿಲ್‌ನಂಥ ಸಾಮಾನ್ಯ ಮಾತ್ರೆಗಳು ಹೊಟ್ಟೆಯಲ್ಲಿರುವ ಮಗುವಿಗೆ ಹಾನಿಕರ. ತಾವಾಗಿಯೇ ನಿಲ್ಲಿಸದೆ, ವೈದ್ಯರಿಂದ ಮೊದಲೇ ಬೇರೆ ಮಾತ್ರೆಗೆ ಬದಲಾಯಿಸಿಕೊಳ್ಳಬೇಕು. ಫೋಲಿಕ್ ಆಮ್ಲವನ್ನೂ ಬಸುರಿಗೆ ಮೊದಲೇ ಶುರುಮಾಡಬೇಕು. ಇವನ್ನೆಲ್ಲ ಅಲ್ಲಿ ಕೇಳುವ ಮೊದಲೇ ಹೇಳಿದರು.

ಹಿಂದಿನ ಸಿಸೇರಿಯನ್ ಆದವರು ಮುಂದಿನ ಸಲ ಸಹಜ ಹೆರಿಗೆಗೆ ಪ್ರಯತ್ನಿಸಬಹುದೇ ಎಂಬ ಚರ್ಚೆಗೆ ಹೆಚ್ಚು ಸಮಯ ಹೋಯಿತು. ಒಂದೇ ಸಿಸೇರಿಯನ್ ಆಗಿ, ಗಾಯ ಗರ್ಭಕೋಶದ ಕೆಳಭಾಗದಲ್ಲಿ ಅಡ್ಡವಾಗಿದ್ದರೆ, ಸಹಜ ಹೆರಿಗೆಗೆ ಪ್ರಯತ್ನಿಸಿದವರಲ್ಲಿ ಸುಮಾರು ಶೇ. 72ರಿಂದ 75 ಮಂದಿಗೆ ಅದು ಸಾಧ್ಯವಾಗುತ್ತದೆ. ಹಳೆಯ ಹೊಲಿಗೆ ಬಿಟ್ಟು ಗರ್ಭಕೋಶ ಸೀಳುವ ಅಪಾಯ ಸುಮಾರು 200 ಮಂದಿಯಲ್ಲಿ ಒಬ್ಬರಿಗೆ. ನೋವು ಬರಿಸಲು ಔಷಧಿ ಕೊಟ್ಟರೆ ಈ ಅಪಾಯ ಹೆಚ್ಚುತ್ತದೆ. ಗರ್ಭಕೋಶದ ಮೇಲ್ಭಾಗದಲ್ಲಿ ಉದ್ದಗಾಯ ಹಾಕಿದ್ದರೆ ಆ ದಾರಿಯೇ ಮುಚ್ಚಿದಂತೆ. ಹೊಟ್ಟೆಯ ಮೇಲೆ ಕಾಣುವ ಗಾಯದ ಗುರುತು ಒಳಗಿನ ಗಾಯ ಹೇಗಿದೆ ಎಂದು ಹೇಳುವುದಿಲ್ಲ, ಟಿಪ್ಪಣಿ ಮಾತ್ರ ಹೇಳುತ್ತದೆ. ನನ್ನ ಗಾಯ ಹರಿದದ್ದು ಕೆಳಭಾಗದಲ್ಲೇ ಆದ್ದರಿಂದ ಪ್ರಯತ್ನಕ್ಕೆ ಅದೊಂದೇ ಅಡ್ಡಿಯಲ್ಲ, ಆದರೆ ಬಿಪಿ ಏರಿ ಬೇಗ ಹೆರಿಗೆ ಮಾಡಿಸಬೇಕಾಗಿ ಬಂದರೆ ಲೆಕ್ಕ ಬದಲಾಗುತ್ತದೆ, ಕೊನೆಯ ತೀರ್ಮಾನ ಆಗಿನ ಸ್ಥಿತಿ ನೋಡಿ ಎಂದರು. ಭರವಸೆ ಕೊಡಲಿಲ್ಲ, ಹೆದರಿಸಲೂ ಇಲ್ಲ. ಪ್ರತಿ ಸಿಸೇರಿಯನ್ನಿನ ನಂತರ, ಮುಂದಿನ ಬಸುರಿನಲ್ಲಿ ಮಾಸು ಹಳೆಯ ಗಾಯದ ಮೇಲೆ ಬೇರೂರಿ ಅಂಟಿಕೊಳ್ಳುವ ಅಪಾಯ ಏರುತ್ತಾ ಹೋಗುತ್ತದೆ ಎಂಬುದನ್ನೂ, ಅದಕ್ಕಾಗಿ ಮಾಸು ಎಲ್ಲಿ ಕೂತಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ತಪ್ಪದೆ ಕೇಳಬೇಕು ಎಂಬುದನ್ನೂ ಹೇಳಿದರು. ನಮ್ಮ ರಾಜ್ಯದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಹೆರಿಗೆ ಸಿಸೇರಿಯನ್ ಆಗುತ್ತಿರುವಾಗ ಈ ಮಾತು ಬಹಳ ಮನೆಗಳಿಗೆ ಬೇಕಾದದ್ದು.

ರಕ್ತಸ್ರಾವದ ವಿಷಯದಲ್ಲಿ ಅವರು ಕೊಟ್ಟ ಯೋಜನೆ ನನ್ನ ಹೆದರಿಕೆಯನ್ನು ಹೆಚ್ಚು ಇಳಿಸಿತು. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ಬಸುರಿಗೆ ಮೊದಲೇ ಸರಿಪಡಿಸಿಕೊಳ್ಳುವುದು, ರಕ್ತನಿಧಿ ಇರುವ ಆಸ್ಪತ್ರೆಯಲ್ಲೇ ಹೆರಿಗೆ, ಹೋದ ರಕ್ತವನ್ನು ಕಣ್ಣಂದಾಜಿನಲ್ಲಿ ಬಿಡದೆ ಅಳೆಯುವುದು, ಹೆಚ್ಚಾದರೆ ಮೂರು ಗಂಟೆಯೊಳಗೆ ರಕ್ತ ನಿಲ್ಲಲು ನೆರವಾಗುವ ಟ್ರಾನೆಕ್ಸಾಮಿಕ್ ಆಮ್ಲ ಕೊಡುವುದು. ಅಳತೆಯ ಗುರುತುಗಳಿರುವ, ಬಾಣಂತಿಯ ಕೆಳಗೆ ಹಾಸುವ ಚೀಲದಂಥ ಪ್ಲಾಸ್ಟಿಕ್ ಹಾಳೆಯೊಂದನ್ನು ವೈದ್ಯೆ ಬೀರುವಿನಿಂದ ತೆಗೆದು ತೋರಿಸಿದರು. ಇಂಥ ಹಾಳೆಯೊಂದು ರೂಪುಗೊಂಡದ್ದು ನಮ್ಮ ಬೆಳಗಾವಿಯಲ್ಲಿ ನಡೆದ ಸಂಶೋಧನೆಗಾಗಿ. ಅಲ್ಲಿನ ಹಳ್ಳಿಗಳಲ್ಲಿ ಕಿರಿಯ ಆರೋಗ್ಯ ಸಹಾಯಕಿಯರು ಹೆರಿಗೆಯಾದ ಕೂಡಲೇ ಗರ್ಭಕೋಶವನ್ನು ಬಿಗಿಗೊಳಿಸುವ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದಾಗ ಅಧಿಕ ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿದದ್ದು 2006ರಲ್ಲಿ ಪ್ರಕಟವಾಯಿತು. ಆ ಅಧ್ಯಯನದಲ್ಲಿ ರಕ್ತ ಅಳೆದದ್ದು ಇಂಥ ಹಾಳೆಯಲ್ಲೇ. ಕನ್ನಡನಾಡಿನ ಹಳ್ಳಿಯ ಹೆಂಗಸರು ಜಗತ್ತಿಗೆ ಕೊಟ್ಟ ಈ ತಿಳಿವಳಿಕೆ ನಮ್ಮ ಎಲ್ಲ ಹೆರಿಗೆ ಕೋಣೆಗಳಲ್ಲೂ ಬಳಕೆಯಲ್ಲಿರಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಇಷ್ಟಾದ ಮೇಲೆ ವೈದ್ಯೆ ಮನೆಯವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಕೇಳಿಕೊಂಡು, "ನಿಮಗೆ ಇನ್ನೊಂದು ಮಗು ಬೇಕಾ? ಮನೆಯವರಿಗಲ್ಲ, ನಿಮಗೆ" ಎಂದು ಕೇಳಿದರು. ಮೂರು ವರ್ಷದಲ್ಲಿ ಅತ್ತೆಯವರು "ಮಗೂಗೆ ಒಂದು ಜೊತೆ ಬೇಡ್ವೇನಮ್ಮ" ಎಂದಿದ್ದರು, ನನ್ನ ತಾಯಿ ಬೇಡವೇ ಬೇಡ ಎಂದಿದ್ದರು. ಪ್ರಶ್ನೆಯನ್ನು ನನಗೇ ಇಟ್ಟವರು ಇವರೊಬ್ಬರೇ. ಬೇಡ ಎನ್ನುವುದೂ ಸರಿಯಾದ ತೀರ್ಮಾನವೇ, ಹಾಗಾದರೆ ಗರ್ಭನಿರೋಧಕದ ಬಗ್ಗೆ ಇವತ್ತೇ ಮಾತಾಡೋಣ ಎಂದರು. ಬೇಕು ಎಂದರೆ, ಹೆರಿಗೆಯಾಗಿ ಕನಿಷ್ಠ 24 ತಿಂಗಳು ಕಳೆದ ಮೇಲೆ ಬಸುರಾಗಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ನನ್ನ ಮಟ್ಟಿಗೆ ಆಗಲೇ ಪೂರೈಸಿದೆ ಎಂದೂ ತಿಳಿಸಿದರು.

ಕೊರತೆಗಳಿವೆ, ಅವು ಸಣ್ಣವೇನಲ್ಲ. ಕಾಯುವ ಜಾಗ ಬಸುರಿಯರ ತಪಾಸಣೆಯ ಜಾಗವೇ ಆಗಿದೆ. ತುಂಬು ಬಸುರಿಯರ ನಡುವೆ, ಗೋಡೆಯ ಮೇಲೆ ನಗುವ ಮಕ್ಕಳ ಚಿತ್ರಗಳ ಕೆಳಗೆ ಗಂಟೆಗಟ್ಟಲೆ ಕೂರುವುದು ನನಗೇ ಕಷ್ಟವಾಯಿತು. ಹೆರಿಗೆಯಲ್ಲಿ ಮಗುವನ್ನೇ ಕಳೆದುಕೊಂಡು ಬಂದವರಿಗೆ ಅದು ಸಹಿಸಲಾಗದ ಶಿಕ್ಷೆ. ಬೇರೆ ಸಮಯವನ್ನಾದರೂ ಕೊಡಬಹುದು. ಎರಡನೆಯದಾಗಿ, ಕೊನೆಗೆ ಕೈಗೆ ಕೊಡುವ ಯೋಜನೆಯ ಪತ್ರ ಪೂರ್ತಿ ಇಂಗ್ಲಿಷಿನಲ್ಲಿದೆ. ಕೇಳಿದ ಮೇಲೆ ದಾದಿಯೊಬ್ಬರು ಅದರ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರು, ಆದರೆ ಕೇಳದವರಿಗೆ ಅದು ಸಿಗುವುದಿಲ್ಲ. ಮೂರನೆಯದು ಮನಸ್ಸಿನ ಗಾಯದ ವಿಷಯ. ಶಸ್ತ್ರಚಿಕಿತ್ಸೆಯ ಕೋಣೆಯ ದೀಪ ನೆನಪಾದರೆ ಇಂದಿಗೂ ಎದೆ ಹೊಡೆದುಕೊಳ್ಳುತ್ತದೆ ಎಂದು ನಾನು ಹೇಳಿದಾಗ ವೈದ್ಯೆ ಸಹಾನುಭೂತಿಯಿಂದ ಕೇಳಿದರು, ಆದರೆ ಮುಂದೆ ಯಾರ ಬಳಿಗೂ ಕಳಿಸಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಸುರಿ ಬಾಣಂತಿಯರ ಮಾನಸಿಕ ಆರೋಗ್ಯಕ್ಕೆಂದೇ ಪ್ರತ್ಯೇಕ ಸೇವೆಯೂ, ತಾಯಿ ಮಗು ಒಟ್ಟಿಗೆ ಇರಬಹುದಾದ ಘಟಕವೂ ಇದೆ. ಅಷ್ಟು ದೂರ ಹೋಗಲಾಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಈ ಎರಡನ್ನು ಒಂದು ಚೀಟಿಯಲ್ಲಿ ಬರೆದುಕೊಡುವುದು ದೊಡ್ಡ ಕೆಲಸವಲ್ಲ.

ಮೊದಲ ಭೇಟಿಗೆ 700 ರೂಪಾಯಿ ಶುಲ್ಕ, ಪರೀಕ್ಷೆಗಳ ಖರ್ಚು ಬೇರೆ. ಕೂಲಿ ಬಿಟ್ಟು ಹಳ್ಳಿಯಿಂದ ಬರಬೇಕಾದವರಿಗೆ ಇದು ಹೊರೆಯೇ. ಸರ್ಕಾರದ ಕಡೆ ನೋಡಿದರೆ, 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆ ಇದೆ, ಅಪಾಯವಿರುವ ಬಸುರಿಯರ ತಾಯಿ ಕಾರ್ಡಿಗೆ ಕೆಂಪು ಸ್ಟಿಕರ್ ಅಂಟಿಸುತ್ತಾರೆ, ಅವರನ್ನು ಹೆರಿಗೆಯವರೆಗೆ ಬೆನ್ನುಹತ್ತಿ ನೋಡಿಕೊಳ್ಳುವ ವ್ಯವಸ್ಥೆಯೂ 2022ರಿಂದ ಸೇರಿದೆ. ಒಳ್ಳೆಯ ಯೋಜನೆ, ಆದರೆ ಅದು ಶುರುವಾಗುವುದು ಬಸುರಾಗಿ ನಾಲ್ಕನೆಯ ತಿಂಗಳ ಹೊತ್ತಿಗೆ. ಅದೇ ತಾಯಿ ಕಾರ್ಡಿನಲ್ಲಿ ಹಿಂದಿನ ಹೆರಿಗೆಯ ತೊಡಕು ದಾಖಲಾಗಿರುವವರನ್ನು ಆಶಾ ಕಾರ್ಯಕರ್ತೆಯರು ಮುಂದಿನ ಬಸುರಿಗೆ ಮೊದಲೇ ಜಿಲ್ಲಾಸ್ಪತ್ರೆಯ ತಜ್ಞರಿಗೆ ತೋರಿಸುವಂತಾದರೆ, ನಾನು ಹಣ ಕೊಟ್ಟು ಪಡೆದದ್ದು ಎಲ್ಲರಿಗೂ ಸಿಗುತ್ತದೆ. ಅಲ್ಲಿಯವರೆಗೆ, ಹತ್ತಿರದ ಜಿಲ್ಲಾಸ್ಪತ್ರೆಯ ಸ್ತ್ರೀರೋಗ ವಿಭಾಗದ ಹೊರರೋಗಿ ಚೀಟಿ ಮಾಡಿಸಿ, ಪೂರ್ತಿ ಫೈಲ್ ಹಿಡಿದು, ಮೊದಲ ಹೆರಿಗೆಯಲ್ಲಿ ಏನಾಯಿತು ಎಂದು ಓದಿ ಹೇಳಿ ಎಂದು ಕೇಳಲು ಯಾವ ಅಡ್ಡಿಯೂ ಇಲ್ಲ.

ಹೋಗುವವರು ಜೊತೆಗೆ ಪತಿಯನ್ನು ಕರೆದೊಯ್ಯಿರಿ, ಪ್ರಶ್ನೆಗಳನ್ನು ಮನೆಯಲ್ಲೇ ಬರೆದಿಟ್ಟುಕೊಳ್ಳಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿಯನ್ನೂ ರಕ್ತದ ಗುಂಪಿನ ವರದಿಯನ್ನೂ ಮರೆಯಬೇಡಿ. ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಮುಂದಿನ ಮಗುವಿನ ರಕ್ತಕ್ಕೆ ತೊಂದರೆಯಾಗದಂತೆ ಕೊಡುವ ಆಂಟಿ-ಡಿ ಇಂಜೆಕ್ಷನ್ನನ್ನು ಹಿಂದಿನ ಸಲ ಕೊಟ್ಟಿದ್ದರೇ ಎಂಬುದನ್ನೂ ಫೈಲಿನಲ್ಲಿ ಹುಡುಕಿಸಿ. ಬೆಳಗಿನ ಮೊದಲ ಸಮಯ ಸಿಕ್ಕರೆ ವೈದ್ಯೆ ಅವಸರವಿಲ್ಲದೆ ಮಾತನಾಡುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಜನ ಹೆಚ್ಚುತ್ತಾರೆ. ಯೋಜನೆಯ ಪತ್ರವನ್ನು ಕನ್ನಡದಲ್ಲೂ ಬರೆಸಿಕೊಂಡೇ ಎದ್ದು ಬನ್ನಿ.