ಸೊಂಟನೋವಿಗೆ ಕೈರೋಪ್ರಾಕ್ಟಿಕ್: ಮೂರು ವರ್ಷ ಬಳಸಿದ ಮೇಲೆ

ಅಮೆರಿಕದ ಅಯೋವಾ ರಾಜ್ಯದಲ್ಲಿ ನೆಲೆಸಿರುವ ನಾನು 2022ರ ಜನವರಿಯಲ್ಲಿ ಮನೆಯ ಮುಂದಿನ ಹಿಮವನ್ನು ಸಲಿಕೆಯಿಂದ ಎತ್ತಿಹಾಕುವಾಗ ಸೊಂಟ ಹಿಡಿದುಕೊಂಡು, ಶೂ ಲೇಸು ಕಟ್ಟಲಿಕ್ಕೂ ಬಗ್ಗಲಾರದ ಸ್ಥಿತಿಗೆ ಬಂದಿದ್ದೆ. ಕುಟುಂಬ ವೈದ್ಯರ ಭೇಟಿಗೆ ಹನ್ನೆರಡು ದಿನ ಕಾಯಬೇಕಿತ್ತು. ಬೆನ್ನೆಲುಬು, ಕೀಲುಗಳನ್ನು ಕೈಯಿಂದ ಒತ್ತಿ ಚಿಕಿತ್ಸೆ ಮಾಡುವ ಕೈರೋಪ್ರಾಕ್ಟರ್ ಅದೇ ಸಂಜೆ ಸಿಕ್ಕರು. ಅಂದಿನಿಂದ ಎರಡು ಕ್ಲಿನಿಕ್‌ಗಳಲ್ಲಿ ಸುಮಾರು ನಲವತ್ತು ಬಾರಿ ಅವರ ಮೇಜಿನ ಮೇಲೆ ಮಲಗಿದ್ದೇನೆ. ಪರಿಚಿತರು ಈ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ನನಗೆ ಸಿಕ್ಕ ಉತ್ತರಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಇವರು ಡಾಕ್ಟರೇ ಎಂಬುದು ಮೊದಲ ಪ್ರಶ್ನೆ. ಅವರದು 'ಡಾಕ್ಟರ್ ಆಫ್ ಕೈರೋಪ್ರಾಕ್ಟಿಕ್' ಎಂಬ ಪ್ರತ್ಯೇಕ ಪದವಿ, ಇಲ್ಲಿನ ವೈದ್ಯರು ಪಡೆಯುವ ಎಂ.ಡಿ. ಅಲ್ಲ. ಅಮೆರಿಕದ ಐವತ್ತೂ ರಾಜ್ಯಗಳು ಅವರಿಗೆ ಪರವಾನಗಿ ಕೊಡುತ್ತವೆ, ಆದರೆ ನಮ್ಮ ರಾಜ್ಯದಲ್ಲಿ ಅವರು ಶಸ್ತ್ರಚಿಕಿತ್ಸೆ ಮಾಡುವುದಿಲ್ಲ, ಔಷಧಿಯ ಚೀಟಿಯನ್ನೂ ಬರೆಯುವುದಿಲ್ಲ. ಈ ಪದ್ಧತಿ ಹುಟ್ಟಿದ್ದು ಇದೇ ರಾಜ್ಯದ ಡ್ಯಾವೆನ್‌ಪೋರ್ಟ್ ಪಟ್ಟಣದಲ್ಲಿ. 1895ರಲ್ಲಿ ಡಿ. ಡಿ. ಪಾಮರ್ ಎಂಬಾತ ಹಾರ್ವಿ ಲಿಲ್ಲಾರ್ಡ್ ಎಂಬ ಕಿವುಡನ ಬೆನ್ನೆಲುಬನ್ನು ಒತ್ತಿ ಸರಿಪಡಿಸಿ, ಆತನಿಗೆ ಕಿವಿ ಕೇಳುವಂತೆ ಮಾಡಿದೆನೆಂದು ಹೇಳಿಕೊಂಡ. ಹೆಸರಿನಲ್ಲಿರುವ 'ಕೈರ್' ಎಂಬ ಗ್ರೀಕ್ ಪದದ ಅರ್ಥವೂ ಕೈ ಎಂದೇ ಎಂಬುದು ಕನ್ನಡಿಗರಾದ ನಮಗೆ ನೆನಪಿಟ್ಟುಕೊಳ್ಳಲು ಸುಲಭ. ಬೆನ್ನೆಲುಬು ಸರಿಹೋದರೆ ಹೆಚ್ಚುಕಡಿಮೆ ಸಕಲ ರೋಗವೂ ಹೋಗುತ್ತದೆ ಎಂಬ ಪಾಮರನ ಕಾಲದ ನಂಬಿಕೆ ಇಂದಿಗೂ ಕೆಲವು ಕ್ಲಿನಿಕ್‌ಗಳ ಗೋಡೆಯ ಪಟಗಳಲ್ಲಿ ಉಳಿದಿದೆ. ಆಸ್ತಮಾ, ಅಲರ್ಜಿ, ಮಕ್ಕಳ ಹೊಟ್ಟೆನೋವು ಎಂದೆಲ್ಲ ಬರೆದಿರುವ ಆ ಪಟಗಳನ್ನು ನೋಡಿ ಯಾರೂ ಅಲ್ಲಿಗೆ ಹೋಗಬೇಕಿಲ್ಲ.

ಬೆನ್ನನ್ನು ಒತ್ತುವಾಗ ಬರುವ 'ಲಟಕ್' ಎಂಬ ಸದ್ದಿನ ಬಗ್ಗೆ ಎಲ್ಲರಿಗೂ ಭಯ. ಅದು ಎಲುಬು ಎಲುಬಿಗೆ ತಾಗುವ ಸದ್ದಲ್ಲ. ಬೆರಳಿನ ನೆಟಿಕೆ ಮುರಿದಾಗ ಆಗುವಂತೆ, ಕೀಲಿನೊಳಗಿನ ದ್ರವದ ಒತ್ತಡ ಥಟ್ಟನೆ ಇಳಿದು ಅನಿಲದ ಪೊಳ್ಳು ಉಂಟಾಗುವುದರಿಂದ ಬರುವ ಸದ್ದು. ಸದ್ದು ಬಂದರೆ ಮಾತ್ರ ಕೆಲಸವಾಯಿತು ಎಂದೂ ಅಲ್ಲ. ನನಗೆ ಒತ್ತುವಾಗ ನೋವಾಗಲಿಲ್ಲ, ಆದರೆ ಮರುದಿನ ವ್ಯಾಯಾಮ ಹೆಚ್ಚಾದಾಗಿನಂತೆ ಮೈ ಬಿಗಿದುಕೊಂಡಿತ್ತು.

ನೋವು ಹೋಯಿತೇ ಎಂದರೆ, ಹೋಯಿತು. ಐದನೆಯ ಭೇಟಿಯ ಹೊತ್ತಿಗೆ ನಾನು ಸಲೀಸಾಗಿ ಬಗ್ಗುತ್ತಿದ್ದೆ. ಆದರೆ ಅಷ್ಟರಲ್ಲಿ ಮೂರು ವಾರ ಕಳೆದಿತ್ತು ಎಂಬುದನ್ನೂ ಹೇಳಬೇಕು. ಇಲ್ಲಿನ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಹೊಸದಾಗಿ ಬಂದ ಸೊಂಟನೋವಿಗೆ ಮಾತ್ರೆಗಿಂತ ಮೊದಲು ಶಾಖ, ಮಸಾಜ್, ಬೆನ್ನೆಲುಬನ್ನು ಕೈಯಿಂದ ಒತ್ತಿ ಸರಿಪಡಿಸುವ ಮ್ಯಾನಿಪ್ಯುಲೇಷನ್‌ಗಳಂಥ ಉಪಾಯಗಳನ್ನು ನೋಡಿರೆಂದು ಹೇಳುತ್ತದೆ. ಯಾವ ಚಿಕಿತ್ಸೆ ಮಾಡಿದರೂ ಬಹುಪಾಲು ರೋಗಿಗಳಿಗೆ ಕಾಲಕ್ರಮೇಣ ಕಡಿಮೆಯಾಗುತ್ತದೆ ಎಂದೂ ಅದೇ ಹೇಳುತ್ತದೆ. ಆದ್ದರಿಂದ ನನ್ನ ಗುಣದಲ್ಲಿ ಅವರ ಕೈಯ ಪಾಲೆಷ್ಟು, ಮೂರು ವಾರಗಳ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಲಾರೆ.

ಎಷ್ಟು ಸಲ ಹೋಗಬೇಕು ಎಂಬ ಪ್ರಶ್ನೆಯಲ್ಲೇ ನನ್ನ ಮುಖ್ಯ ದೂರು ಇದೆ. ಮೊದಲ ಕ್ಲಿನಿಕ್‌ನಲ್ಲಿ, ನೋವು ಇಳಿದ ಮೇಲೆ, ಎಕ್ಸ್‌ರೇ ಚಿತ್ರವೊಂದನ್ನು ಪರದೆಯ ಮೇಲೆ ತೋರಿಸಿ, ಬೆನ್ನು ಇನ್ನೂ 'ಸಾಲು ತಪ್ಪಿದೆ' ಎಂದು 36 ಭೇಟಿಗಳ ಪ್ಯಾಕೇಜನ್ನು ಮುಂಗಡ ಹಣಕ್ಕೆ ಮಾರಿದರು. ವಿಮೆಯು ವರ್ಷಕ್ಕೆ 20 ಭೇಟಿಗಳನ್ನಷ್ಟೇ ಒಪ್ಪುತ್ತದೆ ಎಂದು ತಿಳಿಯುವಷ್ಟರಲ್ಲಿ 22 ಮುಗಿದಿದ್ದವು. ಉಳಿದವುಗಳ ಹಣ ವಾಪಸು ಕೇಳಿದಾಗ, ಬಳಸಿದ ಭೇಟಿಗಳಿಗೆ ರಿಯಾಯಿತಿ ರದ್ದಾಗಿ ಪೂರ್ಣ ದರ ಬೀಳುತ್ತದೆಂಬ ಷರತ್ತನ್ನು ತೋರಿಸಿದರು. ಸಹಿ ಹಾಕಿದ್ದು ನಾನೇ. ಎರಡನೆಯ ಕ್ಲಿನಿಕ್‌ನವರು ಆರು ಭೇಟಿಗಳಲ್ಲಿ ಬದಲಾವಣೆ ಕಾಣದಿದ್ದರೆ ಬೇರೆಡೆಗೆ ಕಳಿಸುತ್ತೇವೆಂದು ಮೊದಲ ದಿನವೇ ಹೇಳಿದರು, ಸೊಂಟ ಮತ್ತು ಹೊಟ್ಟೆಯ ಸ್ನಾಯುಗಳಿಗೆ ನಾಲ್ಕು ವ್ಯಾಯಾಮಗಳನ್ನು ಕಲಿಸಿದರು. ನಿಜವಾಗಿ ಉಳಿದುಕೊಂಡ ಲಾಭ ಆ ವ್ಯಾಯಾಮಗಳದ್ದೇ. ಈಗ ವರ್ಷಕ್ಕೆ ಮೂರ್ನಾಲ್ಕು ಬಾರಿ, ನೋವಿದ್ದಾಗ ಮಾತ್ರ, ಭೇಟಿಗೆ 30 ಡಾಲರ್ ಕೋಪೇ (ವಿಮೆಯಿದ್ದರೂ ನಾವೇ ಕೊಡಬೇಕಾದ ಪಾಲು) ಕೊಟ್ಟು ಹೋಗುತ್ತೇನೆ. ಈ ಎರಡನೆಯವರಿಗೆ ಐದರಲ್ಲಿ ನಾಲ್ಕು ಅಂಕ, ಮೊದಲಿನವರಿಗೆ ಒಂದೂವರೆ.

ಕತ್ತಿನ ವಿಷಯದಲ್ಲಿ ನಾನು ಗಟ್ಟಿಯಾಗಿ ಬೇಡವೆಂದಿದ್ದೇನೆ. ನಮ್ಮೂರ ಕ್ಷೌರದಂಗಡಿಯಲ್ಲಿ ತಲೆಗೆ ಎಣ್ಣೆ ತಟ್ಟಿ ಕೊನೆಗೆ ಕತ್ತನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುತ್ತಿದ್ದುದನ್ನು ಸುಖವೆಂದೇ ಭಾವಿಸಿದ್ದವನು ನಾನು. ಆದರೆ ಕತ್ತನ್ನು ರಭಸದಿಂದ ತಿರುಗಿಸಿದ ನಂತರ ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯುವಾದ ಪ್ರಕರಣಗಳು ಅಪರೂಪವಾದರೂ ವರದಿಯಾಗಿವೆ. ತಿರುಗಿಸಿದ್ದೇ ಕಾರಣವೋ, ಮೊದಲೇ ಹರಿದಿದ್ದ ನಾಳದ ನೋವಿಗಾಗಿಯೇ ಆ ರೋಗಿಗಳು ಬಂದಿದ್ದರೋ ಎಂಬ ವಾದ ಮುಗಿದಿಲ್ಲ. ಸೊಂಟನೋವಿನೊಂದಿಗೆ ತೊಡೆಸಂದಿ ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ, ಕೈರೋಪ್ರಾಕ್ಟರನ್ನಲ್ಲ, ಆಸ್ಪತ್ರೆಯ ತುರ್ತು ವಿಭಾಗವನ್ನೇ ಸೇರಬೇಕು.

ಕಳೆದ ಬೇಸಿಗೆಯಲ್ಲಿ ಅಮ್ಮ ಬಂದಿದ್ದಾಗ, "ನಿನ್ನ ಪುತ್ತೂರು ಕಟ್ಟಿನವರ ಹತ್ತಿರ ನನ್ನನ್ನೂ ಕರೆದುಕೊಂಡು ಹೋಗೋ" ಎಂದಳು. ಅವಳ ವಯಸ್ಸು ಎಪ್ಪತ್ತೊಂದು. ಎರಡನೆಯ ಕ್ಲಿನಿಕ್‌ನವರು ಅವಳನ್ನು ಮೇಜಿನ ಮೇಲೆ ಮಲಗಿಸುವ ಮೊದಲು ಎಲುಬಿನ ಸಾಂದ್ರತೆಯ ಪರೀಕ್ಷೆ ಆಗಿದೆಯೇ ಎಂದು ಕೇಳಿದರು. ಎಲುಬಿನ ಸಾಂದ್ರತೆ ಕಡಿಮೆಯಾಗಿದೆ ಎಂದು ಬೆಂಗಳೂರಿನ ವೈದ್ಯರು ಹೇಳಿದ್ದನ್ನು ತಿಳಿಸಿದೊಡನೆ, ಒತ್ತುವ ಚಿಕಿತ್ಸೆ ಇವರಿಗೆ ಮಾಡುವುದಿಲ್ಲವೆಂದು ಹೇಳಿ, ಶುಲ್ಕವನ್ನೂ ತೆಗೆದುಕೊಳ್ಳದೆ ಕಳಿಸಿಕೊಟ್ಟರು. ಕಾರಿನಲ್ಲಿ ಅಮ್ಮ ಮನೆ ತಲುಪುವವರೆಗೂ, ಅಷ್ಟು ದೂರ ಹೋಗಿ ಮುಟ್ಟದೆಯೇ ಕಳಿಸಿದರಲ್ಲ ಎಂದು ಬೇಸರಪಟ್ಟುಕೊಂಡಳು.