ಜಾತಿಯ ಬಗ್ಗೆ ಮಾತಾಡಲು ಒಂದು ಜಾಗ: ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ವಾಚನಾಲಯದ ಸಂವಾದ ಕೂಟ

ತಿಂಗಳಿಗೊಮ್ಮೆ ನಡೆಯುವ ಈ ಕೂಟಕ್ಕೆ ಧಾರಾಳವಾಗಿ ಹೋಗಬಹುದು. ವೇದಿಕೆಯಿಲ್ಲ, ಮೈಕಿಲ್ಲ; ಸುತ್ತಲೂ 15 ಕುರ್ಚಿ. ಒಬ್ಬರಿಗೆ 3 ನಿಮಿಷ, ನಡುವೆ ಬಾಯಿ ಹಾಕುವಂತಿಲ್ಲ. ತುಳು, ಮಲಯಾಳ, ಕನ್ನಡ ಯಾವುದಾದರೂ ಸರಿ. ಇದು ದೊಡ್ಡ ವಿಷಯ, ಭಾಷೆಗೆ ತಡವರಿಸುವವರೇ ಮೊದಲು ಸುಮ್ಮನಾಗುವುದು.

"ಈಗೆಲ್ಲಿದೆ ಜಾತಿ?" ಎಂದು ಯಾರಾದರೂ ಕೇಳಿದರೆ ನಡೆಸುವವರು ವಾದಕ್ಕಿಳಿಯುವುದಿಲ್ಲ. ಅಸ್ಪೃಶ್ಯತೆ ಉಂಡ ಆದಿವಾಸಿ ಸಮುದಾಯವಾದ ಕೊರಗರು ಹೆಣೆದ ಬುಟ್ಟಿ ಅಡುಗೆಮನೆವರೆಗೆ ಬರುತ್ತದೆ, ಹೆಣೆದವರು ಎಲ್ಲಿವರೆಗೆ ಬರುತ್ತಾರೆ ಎಂದು ಕೇಳುತ್ತಾರೆ. ಮಾತು ಆಗ ಅಂಗಳ, ಜಗಲಿ, ಚಹಾ ಲೋಟಕ್ಕೆ ಇಳಿಯುತ್ತದೆ. ಕೊರಗರನ್ನು ಕೀಳಾಗಿ ಕಂಡು, ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವಂಥ ಅಜಲು ಪದ್ಧತಿಯನ್ನು ಕರ್ನಾಟಕ 2000ದಲ್ಲಿ ಕಾಯ್ದೆಯಿಂದ ನಿಷೇಧಿಸಿದ್ದು, ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ 2001ರಲ್ಲಿ ನಡೆದ ವಿಶ್ವಸಂಸ್ಥೆಯ ವರ್ಣಭೇದ ವಿರೋಧಿ ಸಮ್ಮೇಳನದಲ್ಲಿ ಜಾತಿಯ ಪ್ರಶ್ನೆ ಎದ್ದದ್ದು ಕೂಟದಲ್ಲಿ ಕೊಡುವ ಒಂದೇ ಹಾಳೆಯಲ್ಲಿದೆ.

ಕೊರತೆ ಒಂದಿದೆ. ಕೊರಗ ಸಮುದಾಯದವರು ಒಬ್ಬರೇ ಬಂದ ದಿನ ಎಲ್ಲರ ಪ್ರಶ್ನೆಯೂ ಅವರ ಮೇಲೆಯೇ ಬೀಳುತ್ತದೆ. ಕನಿಷ್ಠ ಮೂವರಿರಬೇಕು, ಅದಕ್ಕೆ ಕೂಲಿ ಬಿಡುವ ಹೊತ್ತು ನೋಡಿ ಸಮಯ ಇಡಬೇಕು.