ಮತಾಂತರದ ತರಗತಿ ಮತ್ತು ಬೇತ್ ದೀನ್: ಎರಡು ವರ್ಷದ ಅನುಭವ, ಐದಕ್ಕೆ ಮೂರೂವರೆ

ನ್ಯೂಜೆರ್ಸಿಯ ಒಂದು ಆರ್ಥಡಾಕ್ಸ್ (ಸಂಪ್ರದಾಯವನ್ನು ಕಟ್ಟುನಿಟ್ಟಾಗಿ ಪಾಲಿಸುವ) ಬೇತ್ ದೀನ್ ಮೂಲಕ ನಾನು ಯೆಹೂದಿ ಧರ್ಮಕ್ಕೆ ಸೇರಿದೆ. ಬೇತ್ ದೀನ್ ಅಂದರೆ ಮೂವರು ಕೂತು ತೀರ್ಮಾನ ಮಾಡುವ ಧಾರ್ಮಿಕ ನ್ಯಾಯಾಲಯ. ವಾರದ ತರಗತಿ, ಮನೆಪಾಠ, ಸಂದರ್ಶನ, ಕೊನೆಗೆ ಮಿಕ್ವೆಯಲ್ಲಿ, ಅಂದರೆ ಶುದ್ಧಿಸ್ನಾನದ ಕೊಳದಲ್ಲಿ, ಮುಳುಗು, ಎಲ್ಲ ಸೇರಿ ಎರಡು ವರ್ಷ ಎರಡು ತಿಂಗಳು ಹಿಡಿಯಿತು. ಸಂಸ್ಥೆಯ ಹೆಸರು ಹಾಕುವುದಿಲ್ಲ.

ಮೊದಲ ಸಲ ಫೋನ್ ಮಾಡಿದಾಗ ಅಲ್ಲಿಯ ರಬ್ಬಿ (ಯೆಹೂದಿ ಧರ್ಮಗುರು) ಹೇಳಿದ್ದು ಒಂದೇ ಮಾತು: ಬೇಡ, ಇರುವ ಹಾಗೇ ಇರಿ. ತುಂಬಾ ಬೇಜಾರಾಯಿತು. ಆಮೇಲೆ ಗೊತ್ತಾಯಿತು, ಬಂದವರನ್ನು ಮೊದಲು ವಾಪಸ್ ಕಳಿಸಿ ನೋಡುವುದು ಅಲ್ಲಿಯ ಹಳೇ ರೂಢಿ. ಬೈಬಲ್ಲಿನಲ್ಲಿ ನೊವೊಮಿ ಸೊಸೆ ರೂತಳಿಗೆ ಹಿಂದಿರುಗಿ ಹೋಗು ಅಂತ ಮೂರು ಸಲ ಹೇಳುತ್ತಾಳಲ್ಲ, ಅದನ್ನೇ ಆಧಾರವಾಗಿ ಹಿಡಿದಿದ್ದಾರೆ. ನಾನೂ ಮೂರನೇ ಸಲಕ್ಕೆ ಒಳಗೆ ಹೋದೆ.

ಪಾಠ ನಿಜಕ್ಕೂ ಚೆನ್ನಾಗಿತ್ತು. ಸೊಪ್ಪನ್ನು ಎಲೆ ಎಲೆಯಾಗಿ ಬೆಳಕಿಗೆ ಹಿಡಿದು ಹುಳ ನೋಡುವುದನ್ನು ಕಲಿಸಿದಾಗ ಅಜ್ಜಿ ಮೊರ ಹಿಡಿದು ಕೂತಿದ್ದು ನೆನಪಾಯಿತು. ಯೆಹೂದಿ ಲೆಕ್ಕದಲ್ಲಿ ಬಾಳೆಹಣ್ಣು ಮರದ ಹಣ್ಣಲ್ಲ, ತಿನ್ನುವ ಮೊದಲು ಅದಕ್ಕೆ ಹೇಳುವ ಪ್ರಾರ್ಥನೆ ನೆಲದ ಬೆಳೆಯದ್ದು. ಅನ್ನಕ್ಕೆ ತಿನ್ನುವ ಮೊದಲು ಗೋಧಿ ತಿಂಡಿಗೆ ಹೇಳುವುದನ್ನೇ ಹೇಳಬೇಕು, ತಿಂದ ಮೇಲೆ ಹೇಳುವುದು ಮಾತ್ರ ಬೇರೆ. ದಿನಕ್ಕೆರಡು ಸಲ ಅನ್ನ ಉಣ್ಣುವ ನನಗೆ ಇದು ಬೇಗ ಬಾಯಿಗೆ ಬಂತು.

ಕಷ್ಟ ಇದ್ದದ್ದು ಬೇರೆ ಕಡೆ. ನನಗೆ ಯೆಹೂದಿ ಹುಡುಗನ ಜೊತೆ ಮದುವೆ ನಿಶ್ಚಯವಾಗಿತ್ತು. ಮದುವೆಗೋಸ್ಕರ ಬಂದವರನ್ನು ಮೊದಲಿಗೇ ಸೇರಿಸಿಕೊಳ್ಳಬಾರದು, ಆದರೆ ಸೇರಿ ಆಗಿಬಿಟ್ಟರೆ ಆ ಮತಾಂತರ ಸಿಂಧು ಅಂತ ಯೆಹೂದಿ ಶಾಸ್ತ್ರಗ್ರಂಥ ತಾಲ್ಮುದ್‌ನ ಯೆವಾಮೋತ್ ಭಾಗದಲ್ಲಿದೆ. ಹಾಗಾದರೆ ಮನಸ್ಸಿನಲ್ಲಿ ಏನಿದೆ ಅಂತ ಅಳೆಯುವುದು ಹೇಗೆ? 16ನೇ ಶತಮಾನದ ಯೆಹೂದಿ ಶಾಸ್ತ್ರಜ್ಞ ಯೋಸೆಫ್ ಕಾರೊ ಬರೆದಿರುವುದು ಇಷ್ಟೇ: ಎಲ್ಲವೂ ನ್ಯಾಯಾಲಯದ ಕಣ್ಣಿಗೆ ಕಂಡ ಹಾಗೆ. ಅಂದರೆ ಆ ಮೂವರ ಕಣ್ಣೇ ಅಳತೆಗೋಲು.

ನನ್ನ ಸಂದರ್ಶನದಲ್ಲಿ ವಯಸ್ಸಾದ ರಬ್ಬಿಯೊಬ್ಬರು ಕೇಳಿದರು, "ಆ ಹುಡುಗ ನಾಳೆ ಬಿಟ್ಟುಹೋದರೆ ಶುಕ್ರವಾರ ಸಂಜೆ ಏನು ಮಾಡ್ತೀರಿ?" ನಾನು ಸಬ್ಬತ್ತಿನ (ವಾರದ ವಿಶ್ರಾಂತಿ ದಿನದ) ದೀಪ ಹಚ್ಚುತ್ತೇನೆ ಅಂದೆ. ಎಷ್ಟು ಗಂಟೆಗೆ ಅಂದರು. ಆ ವಾರದ ಸೂರ್ಯಾಸ್ತಕ್ಕೆ ಹದಿನೆಂಟು ನಿಮಿಷ ಮೊದಲು ಅಂತ ಸಮಯ ಹೇಳಿದೆ. ಅವರು ತಲೆಯಾಡಿಸಿ ಏನೋ ಬರೆದುಕೊಂಡರು. ಪ್ರೀತಿಯ ಬಗ್ಗೆ ಮತ್ತೆ ಕೇಳಲಿಲ್ಲ. ಆಮೇಲೆ ಕೇಳಿದ್ದು ಅಮ್ಮನ ಬಗ್ಗೆ. ಶಿವಮೊಗ್ಗದಲ್ಲಿದ್ದಾರೆ, ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ ಅಂದೆ. "ನೀವು ಫೋನ್ ಮಾಡ್ತಾ ಇರಿ" ಅಂದರು. ಮತಾಂತರ ಆದವರನ್ನು ಹೊಸದಾಗಿ ಹುಟ್ಟಿದ ಮಗು ಅಂತ ಎಣಿಸುವುದು ನಿಜ, ಆದರೂ ಹೆತ್ತವರನ್ನು ಅವಮಾನಿಸುವ ಹಾಗಿಲ್ಲವಂತೆ.

ಈಗ ದೂರು. ಇಷ್ಟಾದ ಮೇಲೂ ಕಚೇರಿಯಲ್ಲಿ ನನ್ನ ಕಡತ ಎಂಟು ತಿಂಗಳು ಸುಮ್ನೆ ಬಿದ್ದಿತ್ತು. ಕೇಳಿದರೆ "ಇನ್ನೊಂದು ಸುತ್ತು ಹಬ್ಬಗಳಾಗಲಿ" ಅಂತ ಉತ್ತರ, ತಾರೀಖಿಲ್ಲ, ಕಾರಣ ಇಲ್ಲ. ಅದೇ ಯೆವಾಮೋತ್‌ನಲ್ಲಿ ಏನಿದೆ ಗೊತ್ತಾ? ಬಂದವರಿಗೆ ಯೆಹೂದಿಗಳು ಪಡುವ ಪಾಡು ಹೇಳಿ ಎಚ್ಚರಿಸಬೇಕು, ಗೊತ್ತಿದ್ದೂ ಬರುತ್ತೇನೆ ಅಂದರೆ ತಕ್ಷಣ ಸ್ವೀಕರಿಸಬೇಕು, ಹಗುರದ ಆಜ್ಞೆ ಕೆಲವು, ಭಾರದ್ದು ಕೆಲವು ತಿಳಿಸಬೇಕು, ಆದರೆ ಜಾಸ್ತಿ ಹೇರಬಾರದು, ತೀರಾ ಕೆದಕಬಾರದು. ಶಾಸ್ತ್ರ ಇಷ್ಟು ಮೃದುವಾಗಿರುವಾಗ ಕಚೇರಿ ಯಾಕೆ ಹೀಗೆ? ಪರೀಕ್ಷೆ ಮಾಡಲಿ, ಬೇಡ ಅನ್ನಲ್ಲ. ಆದರೆ ಒಬ್ಬರನ್ನು ಕಾಯಿಸಿದ ಮಾತ್ರಕ್ಕೆ ಅವರ ಪ್ರಾಮಾಣಿಕತೆ ಗೊತ್ತಾಗುವುದಿಲ್ಲ. ಆ ಎಂಟು ತಿಂಗಳಲ್ಲಿ ನನ್ನ ತರಗತಿಯ ಇಬ್ಬರು ಬಿಟ್ಟುಹೋದರು. ಇಬ್ಬರೂ ನನಗಿಂತ ಚೆನ್ನಾಗಿ ಹೀಬ್ರೂ ಓದುತ್ತಿದ್ದರು.

ಮಿಕ್ವೆಯ ದಿನಕ್ಕೆ ಮಾತ್ರ ಪೂರ್ತಿ ಅಂಕ. ಮೈಗೂ ನೀರಿಗೂ ನಡುವೆ ಏನೂ ಇರಬಾರದು. ನನ್ನ ಮೂಗುತಿ ಹತ್ತನೇ ವಯಸ್ಸಿನಿಂದ ತೆಗೆದಿರಲಿಲ್ಲ, ತಿರುಪು ಬಿಗಿದುಕೊಂಡಿತ್ತು. ಅಲ್ಲಿ ನೋಡಿಕೊಳ್ಳುವ ಹೆಂಗಸು ಸೋಪು ಹಚ್ಚಿ, ಟಾರ್ಚ್ ಹಿಡಿದು, ಅರ್ಧ ಗಂಟೆ ಒಂದೊಂದೇ ಸುತ್ತು ತಿರುಗಿಸಿ ತೆಗೆದುಕೊಟ್ಟರು. ನಾನು ಅತ್ತೆ. ನೋವಿಗಾ ಅಂತ ಅವರು ಕೇಳಲಿಲ್ಲ, ಟವೆಲ್ ಕೊಟ್ಟು ಕಾದರು. ಸಡಿಲ ಗೌನ್ ಹಾಕಿಕೊಂಡು ಕುತ್ತಿಗೆವರೆಗೆ ನೀರಿಗೆ ಇಳಿದ ಮೇಲೇ ರಬ್ಬಿಗಳು ಒಳಗೆ ಬಂದದ್ದು, ಮುಜುಗರ ಅನ್ನಿಸಲಿಲ್ಲ.

ಹೋಗುವವರು ಎರಡು ವಿಷಯ ಮೊದಲೇ ಕೇಳಿ, ಸಾಧ್ಯವಾದರೆ ಬರಹದಲ್ಲಿ. ಒಂದು, ಯಾವ ಹಂತಕ್ಕೆ ಎಷ್ಟು ತಿಂಗಳು. ಎರಡು, ಅವರ ಪ್ರಮಾಣಪತ್ರವನ್ನು ಇಸ್ರೇಲಿನ ರಬ್ಬಿಗಳ ಮಂಡಳಿ ಒಪ್ಪುತ್ತದಾ ಅಂತ. ಹೊರದೇಶದ ಎಲ್ಲ ಬೇತ್ ದೀನ್‌ಗಳನ್ನೂ ಅದು ಒಪ್ಪುವುದಿಲ್ಲ. 2008ರಲ್ಲಂತೂ ಅಲ್ಲಿಯ ಉನ್ನತ ರಬ್ಬಿ ನ್ಯಾಯಾಲಯ ಇಸ್ರೇಲಿನೊಳಗೇ ಆಗಿದ್ದ ಸಾವಿರಾರು ಮತಾಂತರಗಳ ಮೇಲೆ ಅನುಮಾನ ಹಾಕಿತು, ಅದು ಸರಿಹೋಗಲು 2012ರಲ್ಲಿ ಸುಪ್ರೀಂ ಕೋರ್ಟೇ ನಡುವೆ ಬರಬೇಕಾಯಿತು. ನನ್ನ ಪತ್ರ ಅಲ್ಲಿ ನಡೆಯುತ್ತದೆ ಅಂತ ಮಿಕ್ವೆಗೆ ಹೋಗುವ ಹಿಂದಿನ ವಾರವೇ ಖಚಿತ ಮಾಡಿಕೊಂಡೆ.